ಗೋಡೆ ಗಡಿಯಾರಕ್ಕೆ ಸೆಲ್ಲು ಹಾಕಿದ ದಿನ

"ಕಳ್ಳಿ ಅಂತ ನಾನು ಅಂದ್ನಾ? ಅನ್ನಲಿಲ್ಲ. ನೀನೇ ಹೆಗಲು ಮುಟ್ಟಿ ನೋಡ್ಕೋತಾ ಇದ್ದೀಯ."

"ನನ್ನ ರಿಜಿಸ್ಟರ್ ಕೊಡಿ ಮೊದಲು. ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ. ಇಪ್ಪತ್ತು ವರ್ಷದಲ್ಲಿ ಅದನ್ನ ಯಜಮಾನರು ಕೂಡ ನನ್ನ ಕೇಳದೆ ಮುಟ್ಟಿದವರಲ್ಲ."

"ಯಜಮಾನರ ತಮ್ಮ ಲಾಕಪ್ಪಲ್ಲಿ ಕೂತಿಲ್ಲ. ನನ್ನ ತಮ್ಮ ಕೂತಿದ್ದಾನೆ. ನಾನು ಮುಟ್ತೀನಿ."

ಹೆಬ್ಬೆಟ್ಟಕ್ಕ ರಿಜಿಸ್ಟರನ್ನು ಎದೆಗೆ ಅವುಚಿಕೊಂಡು ಊಟದ ಮೇಜಿನ ಆ ಕಡೆಗೆ ಹೋಗಿ ಕುಳಿತಳು. ಈ ಕಡೆ ನೆನಪಮ್ಮ ನಿಂತೇ ಇದ್ದಳು. ನಡುವೆ ಎಂಟು ತಟ್ಟೆ, ಎಂಟು ಲೋಟ, ಮೇಣದಲ್ಲಿ ಮಾಡಿದ ಹಣ್ಣಿನ ಬುಟ್ಟಿ. ತಟ್ಟೆಯಲ್ಲಿ ಊಟವಿಲ್ಲ, ಲೋಟದಲ್ಲಿ ನೀರಿಲ್ಲ. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಕೀಲು ಮಾತ್ರ ಕಿರುಗುಟ್ಟುತ್ತದೆ. ಮಹಡಿ ಮೆಟ್ಟಿಲು ಏಳು. ಏಳನೆಯದರ ಮೇಲೆ ನಿಂತರೆ ತಲೆಗೆ ತಗಲುವುದು ದೀಪದ ಕಂಬಿ. ಇಪ್ಪತ್ತು ವರ್ಷದಿಂದ ಮನೆಮನೆಯವರು ಸಂಜೆ ಏಳಕ್ಕೆ ಟೀವಿಯಲ್ಲಿ ನೋಡಿ ಅತ್ತ ಧಾರಾವಾಹಿಯ ಮನೆ ಇದೇ. ಮಳೆ ಬಂದರೆ ಇದರ ಮೇಲೆ ಹಂಚಿಲ್ಲ, ಶೆಡ್ಡಿನ ತಗಡು.

ಹೆಬ್ಬೆಟ್ಟಕ್ಕ ಅನ್ನುವ ಹೆಸರು ಕೇಳಿ ಓದು ಬಾರದವಳು ಅಂದುಕೊಂಡವರು ಬಹಳ ಮಂದಿ. ಅವಳು ಯಾರನ್ನೂ ತಿದ್ದಲು ಹೋಗಿರಲಿಲ್ಲ. ಪೊಲೀಸರ ಬೆರಳಚ್ಚು ವಿಭಾಗದಲ್ಲಿ ಇಪ್ಪತ್ತಾರು ವರ್ಷ ಭೂತಗನ್ನಡಿ ಹಿಡಿದು ಊರವರ ಹೆಬ್ಬೆಟ್ಟು ನೋಡಿ, ಕೊನೆಗೆ ಸಾಹೇಬನೊಬ್ಬನ ಮುಖಕ್ಕೆ ಫೈಲು ಎಸೆದು ಮನೆಗೆ ಬಂದವಳು. ಮನೆ ಎಂದರೆ ಮಹಡಿ ಮೇಲಿನ ಒಂದು ಕೋಣೆ, ಒಂದು ಕುರ್ಚಿ. ಎರಡನೆಯ ಕುರ್ಚಿಗೆ ಅಲ್ಲಿ ಜಾಗವಿತ್ತು, ಕೆಲಸವಿರಲಿಲ್ಲ.

ಅವಳ ತಮ್ಮ ಈ ಧಾರಾವಾಹಿಯ ನಟರಿಗೆ ಬಣ್ಣ ಹಚ್ಚುವವನು. ಅಕ್ಕ ತಮ್ಮ ಮಾತು ಬಿಟ್ಟು ಹನ್ನೊಂದು ವರ್ಷ. ಅವರ ತಾಯಿ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುವ ಹೊತ್ತಿಗೆ ಇವನು ಧಾರಾವಾಹಿಯ ಒಂಬತ್ತನೇ ವರ್ಷದ ವಿಶೇಷ ಸಂಚಿಕೆಗೆ ಬಣ್ಣ ಕಲಸುತ್ತ ಕೂತಿದ್ದ. "ಸುಳ್ಳು ಅಮ್ಮನ ಮುಖಕ್ಕೆ ಪೌಡರು ಹಚ್ಚಿ ಬಂದ್ಯಾ? ನಿಜವಾದ ಅಮ್ಮನ ಮುಖಕ್ಕೆ ಬಟ್ಟೆ ಹೊದಿಸಿ ಆಯ್ತು, ಹೋಗು" ಎಂದಿದ್ದಳು. ಅವನು ಹೋಗಿದ್ದ.

ಈಗ ಅವನ ಹೆಂಡತಿ ಬಂದು ಮೆಟ್ಟಿಲ ಮೇಲೆ ಕುಳಿತು ಅತ್ತಳು ಅಂತ ಇವಳು ಹೊರಟಿದ್ದಳು. ಪೊಲೀಸರು ಬಂಧನವನ್ನು ಇನ್ನೂ ಕಾಗದದ ಮೇಲೆ ತೋರಿಸಿರಲಿಲ್ಲ, ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಅವನನ್ನು ಕೋರ್ಟಿಗೆ ಹಾಜರು ಮಾಡುತ್ತಾರೆ. ಅಷ್ಟರೊಳಗೆ ಇವಳ ಕೈಯಲ್ಲಿ ಏನಾದರೂ ಇರಬೇಕು.

ನಡೆದದ್ದು ಇಷ್ಟು. ಮೂರು ದಿನದ ಹಿಂದೆ ಧಾರಾವಾಹಿಗೆ ಇಪ್ಪತ್ತು ತುಂಬಿತು. ಆ ಸಂಜೆ ನೇರ ಪ್ರಸಾರದ ವಿಶೇಷ ಸಂಚಿಕೆ. ಮೊದಲ ವರ್ಷದ ಕೊನೆಯಲ್ಲಿ ಮನೆ ಬಿಟ್ಟು ಹೋಗಿದ್ದ 'ಅತ್ತಿಗೆ' ತಿರುಗಿ ಬರುತ್ತಾಳೆ ಎಂದು ಎರಡು ತಿಂಗಳು ಡಂಗುರ ಹೊಡೆದಿದ್ದರು. ಅತ್ತಿಗೆಯ ಪಾತ್ರ ಮಾಡಿದ್ದ ಹೆಂಗಸನ್ನು ಎಲ್ಲಿಂದಲೋ ಹುಡುಕಿ ಕರೆತಂದಿದ್ದರು. ಮೂರು ಗಂಟೆಗೆ ಬಣ್ಣದ ಕೋಣೆಗೆ ಹೋದಳು. ನಾಲ್ಕರ ನಂತರ ಅವಳನ್ನು ಕಂಡವರಿಲ್ಲ.

ಏಳೂ ಇಪ್ಪತ್ತಕ್ಕೆ ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಯಾರೂ ಇರಲಿಲ್ಲ. ಊರೆಲ್ಲ ನೋಡುತ್ತಿದೆ, ನಿಲ್ಲಿಸುವಂತಿಲ್ಲ. ಅಮ್ಮನ ಪಾತ್ರದ ಮುದುಕಿ ಗಟ್ಟಿಗಿತ್ತಿ, "ಗಾಳಿ ಇರಬೇಕು" ಅಂದಳು. ಆಗ ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಅತ್ತಿಗೆಯ ದನಿ: "ಅಮ್ಮಾ, ಈ ಸಲಾನೂ ಬರೋಕಾಗ್ಲಿಲ್ಲ."

ನೋಡಿದವರು ಇದೂ ಕಥೆಯೇ ಅಂತ ಅತ್ತರು. ಕಾಣೆಯಾದವಳಿಗಾಗಿ ದೂರು ಕೊಡುವುದಕ್ಕೂ ಒಬ್ಬರಿರಲಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ. ಮಾರನೇ ದಿನ ಧಾರಾವಾಹಿಯ ಯಜಮಾನರೇ ಹೋಗಿ ಕೊಟ್ಟರು.

ಪೊಲೀಸರು ತಮ್ಮನನ್ನು ಹಿಡಿದರು. ನಾಲ್ಕು ಗಂಟೆಯವರೆಗೆ ಅವಳ ಜೊತೆ ಇದ್ದವನು ಅವನೊಬ್ಬನೇ. ನಾಲ್ಕಕ್ಕೆ "ಮೀಸೆ ಅಂಟಿಸೋ ಗೋಂದು ಮುಗಿದಿದೆ" ಅಂತ ಹಿಂದಿನ ಬಾಗಿಲಿಂದ ಹೋದವನು ಐದಕ್ಕೆ ಬಂದ, ಮಣಿಕಟ್ಟಿನ ಮೇಲೆ ಗೀರು ಇತ್ತು. ಸಾಲದ್ದಕ್ಕೆ, ಇಪ್ಪತ್ತು ವರ್ಷದ ಹಿಂದೆ ಅವನು ಅವಳನ್ನು ಮದುವೆಗೆ ಕೇಳಿದ್ದ, ಅವಳು ನಕ್ಕಿದ್ದಳು ಅನ್ನುವ ಮಾತು ಬೇರೆ.

"ಕೂತ್ಕೋ" ಎಂದಳು ಹೆಬ್ಬೆಟ್ಟಕ್ಕ.

ನೆನಪಮ್ಮ ಕೂರಲಿಲ್ಲ. ಹೆಬ್ಬೆಟ್ಟಕ್ಕನ ಮೊಣಕೈ ತಾಗಿ ಓರೆಯಾಗಿದ್ದ ತಟ್ಟೆಯನ್ನು ಬೆರಳ ತುದಿಯಿಂದ ನೆಟ್ಟಗೆ ಮಾಡಿದಳು.

ಅವಳ ಕೆಲಸವೇ ಅದು. ಧಾರಾವಾಹಿಯಲ್ಲಿ ಒಂದು ಊಟದ ದೃಶ್ಯವನ್ನು ಅರ್ಧ ಸೋಮವಾರ ತೆಗೆದರೆ ಉಳಿದರ್ಧ ಗುರುವಾರ ತೆಗೆಯುತ್ತಾರೆ. ಸೋಮವಾರ ಲೋಟ ಎಡಗೈಯಲ್ಲಿದ್ದರೆ ಗುರುವಾರವೂ ಎಡಗೈಯಲ್ಲೇ ಇರಬೇಕು. ಯಾರ ಗುಂಡಿ ಬಿಚ್ಚಿತ್ತು, ಯಾರ ಕಣ್ಣು ಒದ್ದೆ ಇತ್ತು, ಯಾವ ಕುರ್ಚಿ ಎಷ್ಟು ಹಿಂದೆ ಸರಿದಿತ್ತು, ಎಲ್ಲವನ್ನೂ ಬರೆದು, ಫೋಟೋ ಅಂಟಿಸಿ ಇಡುವವಳು ನೆನಪಮ್ಮ. ಇಟ್ಟ ಹೆಸರು ಏನಿತ್ತೋ, ಸಂಬಳದ ಪಟ್ಟಿಯಲ್ಲಿ ಬಿಟ್ಟರೆ ಯಾರ ಬಾಯಲ್ಲೂ ಇರಲಿಲ್ಲ.

"ಈ ಫೋಟೋ ನೀನೇ ತೆಗೆದದ್ದಾ?" ಹೆಬ್ಬೆಟ್ಟಕ್ಕ ರಿಜಿಸ್ಟರು ತೆರೆದು ತಿರುಗಿಸಿದಳು.

"ನನ್ನ ರಿಜಿಸ್ಟರಲ್ಲಿ ಇನ್ಯಾರು ತೆಗೀತಾರೆ? ವಿಶೇಷ ಸಂಚಿಕೆ ಶುರುವಾಗೋ ಮುಂಚೆ ತೆಗೆದದ್ದು."

"ಎಷ್ಟು ಮುಂಚೆ?"

"ನೆನಪಿಲ್ಲ."

"ನಿನಗೆ ನೆನಪಿಲ್ಲವಾ?" ಹೆಬ್ಬೆಟ್ಟಕ್ಕ ನಕ್ಕಳು. "ಮೀನಿಗೆ ಈಜು ಮರೆತುಹೋಯ್ತಂತೆ. ಹೋಗಲಿ. ಫೋಟೋದಲ್ಲಿ ಈ ಮೇಜಿನ ಮೂಲೇಲಿ ಏನಿದೆ?"

ನೆನಪಮ್ಮ ಬಗ್ಗಿ ನೋಡಲಿಲ್ಲ. "ಫೋನು."

"ಯಜಮಾನರು ಹೇಳ್ತಾರೆ, ಈ ಸಲದ ಕಥೇಲಿ ಫೋನೇ ಇರಲಿಲ್ಲ ಅಂತ. ಅತ್ತಿಗೆ ಖುದ್ದು ಬರ್ತಾಳಲ್ಲ, ಫೋನು ಯಾಕೆ? ತೆಗೆದು ಪೆಟ್ಟಿಗೇಲಿ ಹಾಕಿದ್ದರಂತೆ. ಮತ್ತೆ ಅದಕ್ಕೆ ಕಾಲು ಬಂತಾ?"

"ಇದ್ದರೆ ಇರಲಿ ಅಂತ ಇಟ್ಟೆ. ಪ್ರತಿ ವರ್ಷ ಇರ್ತಿತ್ತು. ಕೈ ತಪ್ಪಿ ಇಟ್ಟಿರಬಹುದು."

"ಕೈ ತಪ್ಪಿ ಫೋನಿಟ್ಟೆ. ಬಾಯಿ ತಪ್ಪಿ ಅತ್ತಿಗೆ ದನೀಲಿ ಮಾತಾಡ್ದೆ."

ನೆನಪಮ್ಮನ ಕೈ ತಟ್ಟೆಯ ಮೇಲೇ ನಿಂತಿತು.

ಇದೊಂದು ಗುಟ್ಟು ಈ ಶೆಡ್ಡಿನೊಳಗೆ ಎಲ್ಲರಿಗೂ ಗೊತ್ತಿತ್ತು, ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಧಾರಾವಾಹಿಗೆ ವರ್ಷ ತುಂಬಿದಾಗಲೆಲ್ಲ ಏನಾದರೊಂದು ದೊಡ್ಡದು ಆಗಬೇಕು. ಐದನೇ ವರ್ಷ ಅಡುಗೆಮನೆಗೆ ಬೆಂಕಿ ಬಿತ್ತು. ಹತ್ತನೇ ವರ್ಷ ಅಜ್ಜನನ್ನು ಸಾಯಿಸಿದರು. ಜನ ಬೈದರೆಂದು ಹನ್ನೊಂದನೇ ವರ್ಷ ಅಜ್ಜನ ಅವಳಿ ತಮ್ಮ ಹುಟ್ಟಿಕೊಂಡ. ಆದರೆ ಏನೇ ಆಗಲಿ, ಎಲ್ಲರೂ ಊಟಕ್ಕೆ ಕುಳಿತಾಗ ಫೋನು ಬರಬೇಕು, ಅತ್ತಿಗೆ ಒಂದು ಮಾತಾಡಬೇಕು. ಎಲ್ಲೋ ದೂರದ ಕಿಟಕಿಯ ಹತ್ತಿರ ನೀಲಿ ಶಾಲು ಹೊದ್ದ ಬೆನ್ನೊಂದು ಕಾಣಬೇಕು. ಆ ದನಿ ನೆನಪಮ್ಮನದು. ಎರಡನೇ ವರ್ಷದಿಂದ ಹತ್ತೊಂಬತ್ತನೇ ವರ್ಷದವರೆಗೆ ವರ್ಷಕ್ಕೆ ಒಂದು ಮಾತು. ಒಟ್ಟು ಹದಿನೆಂಟು ಮಾತು.

ಮಿಕ್ಕ ದಿನ ಅವಳ ದನಿ ಯಾರಿಗೂ ಬೇಕಿರಲಿಲ್ಲ.

"ಲೈಟಜ್ಜಾ!" ಹೆಬ್ಬೆಟ್ಟಕ್ಕ ಕತ್ತೆತ್ತಿ ಕೂಗಿದಳು. "ಸ್ವಲ್ಪ ಇಳಿದು ಬನ್ನಿ."

ಮೇಲೆ ದೀಪಗಳ ಅಟ್ಟದಲ್ಲಿ ಕೂತು ಬಲ್ಬು ಬಿಚ್ಚುತ್ತಿದ್ದ ಮುದುಕ ಏಣಿ ಹಿಡಿದು ಇಳಿದ. ಇಳಿಯುವಷ್ಟರಲ್ಲಿ ಮೂರು ಸಲ ಮಂಡಿಯನ್ನು ಬೈದ.

"ಆವತ್ತು ಅತ್ತಿಗೆ ಹಿಂದಿನ ಬಾಗಿಲ ಕಡೆ ಹೋದದ್ದು ನೀವು ನೋಡಿದ್ರಿ. ಪೊಲೀಸರಿಗೆ ಎಷ್ಟು ಗಂಟೆ ಅಂತ ಹೇಳಿದ್ರಿ?"

"ನಾಲ್ಕು. ನಾಲ್ಕರ ಸುಮಾರು."

"ನಿಮ್ಮ ಹತ್ರ ಗಡಿಯಾರ ಇದೆಯಾ?"

"ಇಲ್ಲಮ್ಮ. ಫೋನು ಮೇಲಕ್ಕೆ ಒಯ್ಯೋ ಹಾಗಿಲ್ಲ, ಬಿದ್ದರೆ ಯಾರ ತಲೆ ಒಡೆಯುತ್ತೋ. ಟೀ ಬಂದಿರಲಿಲ್ಲ. ಇಲ್ಲಿ ಟೀ ಬರೋದು ನಾಲ್ಕೂವರೆಗೆ. ಅದಕ್ಕೇ ನಾಲ್ಕು ಅಂದೆ."

"ಆವತ್ತು ನಿಮಗೆ ಟೀ ಬಂತಾ?"

ಮುದುಕ ಯೋಚಿಸಿದ. ಅವನ ಮುಖದಲ್ಲಿ ಹಳೆಯ ಸಿಟ್ಟೊಂದು ಎದ್ದು ಬಂತು. "ಎಲ್ಲಿ ಬಂತು? ವಾರ್ಷಿಕೋತ್ಸವ ಅಂತ ಯಾವ್ಯಾವ್ದೋ ಅತಿಥಿಗಳು. ಟೀ ಎಲ್ಲಾ ಅವರ ಹೊಟ್ಟೆಗೇ ಹೋಯ್ತು. ನನಗೆ ಬಂದದ್ದು ಎಲ್ಲಾ ಮುಗಿದ ಮೇಲೆ, ಅದೂ ತಣ್ಣಗೆ."

"ಇದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಟೀ ಕೊಟ್ರಾ ಅಂತ ಅವರು ಕೇಳಲಿಲ್ಲವಲ್ಲ."

"ಅವಳು ಹೋದಾಗ ಆ ಗೋಡೆ ಗಡಿಯಾರ ನೋಡಿದ್ರಾ?"

ಮೂವರೂ ಗೋಡೆಯ ಕಡೆ ತಿರುಗಿದರು. ತಟ್ಟೆಯಷ್ಟು ಅಗಲದ ಗಡಿಯಾರ. ಈಗ ಎಂಟಕ್ಕೆ ಎಂಟು ನಿಮಿಷ ತೋರಿಸುತ್ತ ಸುಮ್ಮನೆ ನಿಂತಿತ್ತು.

"ನೋಡಿದ್ದೆ. ಆರೂ ನಲವತ್ತು ಇತ್ತು."

"ಮತ್ತೆ ನಾಲ್ಕು ಅಂದ್ರಿ?"

"ಅಯ್ಯೋ ತಾಯಿ." ಲೈಟಜ್ಜ ಹೆಬ್ಬೆಟ್ಟಕ್ಕನ ದಡ್ಡತನಕ್ಕೆ ಕನಿಕರಪಟ್ಟ. "ಅದು ಸುಳ್ಳು ಗಡಿಯಾರ. ಅದಕ್ಕೆ ಸೆಲ್ಲೇ ಇಲ್ಲ. ಕಥೇಲಿ ಬೆಳಗಾದರೆ ನೆನಪಮ್ಮ ಕೋಲಲ್ಲಿ ಮುಳ್ಳು ತಿರುಗಿಸಿ ಎಂಟು ಮಾಡ್ತಾಳೆ, ರಾತ್ರಿಯಾದರೆ ಹತ್ತು ಮಾಡ್ತಾಳೆ. ಇಪ್ಪತ್ತು ವರ್ಷದಲ್ಲಿ ಅದು ಒಂದು ದಿನ ನಿಜ ಹೇಳಿಲ್ಲ. ಅದರಲ್ಲಿ ಆರೂ ನಲವತ್ತು ಅಂದರೆ ಹೊರಗೆ ಆರೂ ನಲವತ್ತಲ್ಲ ಅಂತಲೇ ಅರ್ಥ. ಇಲ್ಲಿ ಹೊಸದಾಗಿ ಸೇರಿದವರು ಮಾತ್ರ ಅದನ್ನ ನಂಬೋದು."

"ಒಂದು ದಿನ ನಿಜ ಹೇಳ್ತು ಅಜ್ಜಾ."

ಹೆಬ್ಬೆಟ್ಟಕ್ಕ ನಿಧಾನವಾಗಿ ಎದ್ದಳು. ಇದನ್ನು ಕಂಡುಹಿಡಿಯಲು ಅವಳು ಎರಡು ದಿನ ತನ್ನ ಕೋಣೆಯಲ್ಲಿ ಕೂತು ಆ ವಿಶೇಷ ಸಂಚಿಕೆಯನ್ನು ಏಳು ಸಲ ನೋಡಿದ್ದಳು. ದನಿ ಬಂದ್ ಮಾಡಿ ನೋಡಿದ್ದಳು. ದನಿ ಇದ್ದರೆ ಕೋಣೆಯಲ್ಲಿ ಯಾರೋ ಇದ್ದಾರೆ ಅನ್ನಿಸುತ್ತಿತ್ತು, ಮುಗಿದ ಮೇಲೆ ಅದು ಇನ್ನೂ ಕಷ್ಟ.

"ಹಳೇ ಸಂಚಿಕೆ ಯಾವುದು ಬೇಕಾದ್ರೂ ನೋಡಿ, ಸೆಕೆಂಡ್ ಮುಳ್ಳು ಸತ್ತು ಬಿದ್ದಿರುತ್ತೆ. ಆವತ್ತಿನ ಸಂಚಿಕೇಲಿ ಓಡ್ತಾ ಇದೆ. ನೇರ ಪ್ರಸಾರ. ನೋಡೋರ ಮನೇಲಿ ಏಳು ಗಂಟೆ ಅಂದರೆ ಕಥೇಲೂ ಏಳೇ ಆಗಬೇಕು. ಅದಕ್ಕೇ ಬೆಳಿಗ್ಗೆನೇ ಸೆಲ್ಲು ಹಾಕಿ ಸರಿಯಾದ ಗಂಟೆ ಇಟ್ಟಿದ್ದು ಇವಳು. ಎಂಟಕ್ಕೆ ಎಂಟು ನಿಮಿಷಕ್ಕೆ ಸಂಚಿಕೆ ಮುಗೀತು, ಸೆಲ್ಲು ತೆಗೆದದ್ದೂ ಇವಳೇ. ಹೌದೋ ಅಲ್ಲವೋ?"

ನೆನಪಮ್ಮ ಕೊನೆಗೂ ಕುಳಿತಳು. ಕುಳಿತು, ಕೈ ಚಾಚಿ ರಿಜಿಸ್ಟರನ್ನು ತನ್ನ ಕಡೆಗೆ ಎಳೆದುಕೊಂಡಳು. ಹೆಬ್ಬೆಟ್ಟಕ್ಕ ಬಿಟ್ಟಳು.

"ಹೌದು" ಎಂದಳು. "ಬಾಯಲ್ಲಿ ಸುಳ್ಳು ಹೇಳಿಯೇನು. ಇದರಲ್ಲಿ ಬರೆದಿದ್ದು ಸುಳ್ಳಾಗೋದಿಲ್ಲ. ಸೆಲ್ಲು ಹಾಕಿದ್ದೂ ಬರೆದಿದ್ದೀನಿ, ನೋಡಿರ್ತೀರಿ."

"ನೋಡಿದೆ. ಹಾಗಾದರೆ ಕೇಳಿ ಅಜ್ಜ, ಅತ್ತಿಗೆ ಇಲ್ಲಿಂದ ತನ್ನ ಕಾಲಲ್ಲಿ ನಡೆದು ಹೋದದ್ದು ನಾಲ್ಕಕ್ಕಲ್ಲ, ಆರೂ ನಲವತ್ತಕ್ಕೆ. ಐದರಿಂದ ಏಳೂವರೆವರೆಗೆ ನನ್ನ ತಮ್ಮ ಒಂಬತ್ತು ಜನರ ಮುಖಕ್ಕೆ ಬಣ್ಣ ಹಚ್ಚುತ್ತಾ ಇದ್ದ. ಒಂಬತ್ತು ಮುಖವೂ ಸಾಕ್ಷಿ. ಇದನ್ನ ಬರೆದು ಸಹಿ ಹಾಕ್ತೀರಾ?"

"ನಿಜ ಅಂದಮೇಲೆ ಹಾಕದೆ ಏನು? ಅವನು ಪಾಪದವನು. ಆ ಗೀರು ಕೂಡ ಗೋಂದಿನ ಡಬ್ಬಿ ತಗಡಿಂದೇ ಇರಬೇಕು. ನನಗೇ ಎರಡು ಸಲ ಕುಯ್ದಿದೆ." ಮುದುಕ ಏಣಿಯ ಕಡೆಗೆ ಹೊರಟವನು ತಿರುಗಿದ. "ಆದರೂ ನನಗೆ ಟೀ ಕೊಡದೇ ಇದ್ದದ್ದು ಒಳ್ಳೇದೇ ಆಯ್ತು ಅನ್ನಬೇಡಿ ಮತ್ತೆ."

ಅವನು ಮಂಡಿಯನ್ನು ಬೈಯುತ್ತ ಏರಿಹೋದ.

ಹೆಬ್ಬೆಟ್ಟಕ್ಕ ಈಗ ನೆನಪಮ್ಮನ ಎದುರಿಗೇ ಕುಳಿತಳು. "ಫೋಟೋದಲ್ಲಿ ಗಡಿಯಾರ ಆರೂ ಐದು ತೋರಿಸ್ತಾ ಇದೆ. ಅಂದರೆ ಆರೂ ಐದಕ್ಕೇ ಫೋನು ಮೇಜಿನ ಮೇಲಿದೆ. ಅತ್ತಿಗೆ ಹೋದದ್ದು ಆರೂ ನಲವತ್ತಕ್ಕೆ. ಅವಳು ಇನ್ನೂ ಇಲ್ಲಿರುವಾಗಲೇ ಅವಳು ಬರೋದಿಲ್ಲ ಅಂತ ನಿನಗೆ ಗೊತ್ತಿತ್ತು. ಹೇಗೆ?"

ನೆನಪಮ್ಮ ಪೆನ್ನು ತೆಗೆದು ರಿಜಿಸ್ಟರಿನಲ್ಲಿ ಏನೋ ಬರೆಯತೊಡಗಿದಳು.

"ಏನು ಬರೀತಿದ್ದೀಯ?"

"ಅಭ್ಯಾಸ. ಕೈ ಸುಮ್ಮನಿದ್ದರೆ ಮಾತು ಬರೋದಿಲ್ಲ." ತಲೆ ಎತ್ತದೆ ಮುಂದುವರಿಸಿದಳು. "ಮಧ್ಯಾಹ್ನ ಅವಳೇ ನನ್ನ ಕೋಣೆಗೆ ಬಂದಳು. ಬಂದು ನನ್ನ ಕಪಾಟು ನೋಡಿದಳು. ಅತ್ತಿಗೆಗೆ ಅಂತ ಜನ ಬರೆದ ಕಾಗದ ಎಲ್ಲಾ ಅಲ್ಲೇ ಇದೆ. ಹದಿನೆಂಟು ವರ್ಷದ್ದು. ಎಲ್ಲದಕ್ಕೂ ನಾನೇ ಉತ್ತರ ಬರೀತಿದ್ದೆ, ಅತ್ತಿಗೆ ಅಂತ ಸಹಿ ಹಾಕಿ."

"ಯಾರು ಬರೆಯೋಕೆ ಹೇಳಿದ್ದರು?"

"ಯಾರೂ ಇಲ್ಲ. ಕಾಗದ ಬಂದರೆ ಉತ್ತರ ಬರೀಬೇಕಲ್ಲ." ಅವಳು ಪೆನ್ನು ಜಾಡಿಸಿದಳು. "ಅವಳು ನಾಲ್ಕು ಕಾಗದ ಓದಿದಳು. ಆಮೇಲೆ ಹೇಳಿದಳು, 'ಇವರು ಕಾಯ್ತಾ ಇರೋದು ನನ್ನನ್ನಲ್ಲ. ಈ ಸಲಾನೂ ನೀನೇ ಮಾತಾಡು. ನಾನು ಹೋಗ್ತೀನಿ. ಒಂದು ವಾರ ಯಾರಿಗೂ ಹೇಳಬೇಡ' ಅಂತ. ಮಾತು ಕೊಟ್ಟೆ."

"ಮಾತು ಕೊಟ್ಟೆ!" ಹೆಬ್ಬೆಟ್ಟಕ್ಕ ಮೇಜು ಗುದ್ದಿದಳು. ಮೇಣದ ಹಣ್ಣೊಂದು ಉರುಳಿತು. "ನನ್ನ ತಮ್ಮ ಎರಡು ದಿನದಿಂದ ನೆಲದ ಮೇಲೆ ಮಲಗಿದ್ದಾನೆ. ನೀನು ಮಾತು ಉಳಿಸಿಕೊಂಡು ತಟ್ಟೆ ನೆಟ್ಟಗೆ ಮಾಡ್ತಾ ಇದ್ದೀಯ. ಕರುಳು ಅನ್ನೋದು ಇದೆಯಾ ನಿನಗೆ?"

ನೆನಪಮ್ಮ ಹಣ್ಣನ್ನು ಎತ್ತಿ ಬುಟ್ಟಿಯಲ್ಲಿ, ಮುಂಚೆ ಇದ್ದ ಕಡೆಯೇ ಇಟ್ಟಳು.

"ನಿಮ್ಮ ತಮ್ಮ ಟೀಗೆ ಎಷ್ಟು ಸಕ್ಕರೆ ಹಾಕ್ಕೋತಾನೆ?"

"ಏನು?"

"ಎಷ್ಟು ಚಮಚ?"

ಹೆಬ್ಬೆಟ್ಟಕ್ಕನಿಗೆ ತಿಳಿದಿದ್ದು ಹನ್ನೊಂದು ವರ್ಷದ ಹಿಂದಿನ ಲೆಕ್ಕ. "ಎರಡು" ಎಂದಳು.

"ಸಕ್ಕರೆ ಬಿಟ್ಟು ಆರು ವರ್ಷ ಆಯ್ತು. ಸಕ್ಕರೆ ಕಾಯಿಲೆ ಇದೆ. ಎಡಗಣ್ಣು ಮಸುಕು, ಹುಬ್ಬು ಬರೆಯುವಾಗ ಕತ್ತು ಬಲಕ್ಕೆ ವಾಲಿಸ್ತಾನೆ. ಅಮ್ಮನ ಪಾತ್ರದವರಿಗೆ ಪೌಡರು ಹಚ್ಚುವಾಗ ಒಂದು ಮಾತೂ ಆಡೋದಿಲ್ಲ. ಹನ್ನೊಂದು ವರ್ಷದಿಂದ ಆಡಿಲ್ಲ. ಯಾಕೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ನನಗೂ ಈ ವಾರ ನಿಮ್ಮನ್ನ ನೋಡಿದ ಮೇಲೆ ಗೊತ್ತಾಯ್ತು." ಅವಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಕರುಳಿನ ಮಾತು ನೀವು ನನಗೆ ಹೇಳ್ತೀರಾ ಅಕ್ಕಾ?"

ಹೆಬ್ಬೆಟ್ಟಕ್ಕನಿಗೆ ಠಾಣೆ ನೆನಪಾಯಿತು. ನಿನ್ನೆ ಠಾಣೆಯಲ್ಲಿ ಕಂಬಿಯ ಆಚೆ ಕೂತಿದ್ದ ತಮ್ಮ "ನಿನ್ನ ಯಾರು ಕರೆದರು?" ಅಂದಿದ್ದ. ಅನ್ನುವಾಗ ಕತ್ತು ಬಲಕ್ಕೆ ವಾಲಿತ್ತು. ಸೊಕ್ಕು ಅಂದುಕೊಂಡಿದ್ದಳು.



"ಸರಿ" ಎಂದಳು ಹೆಬ್ಬೆಟ್ಟಕ್ಕ. ದನಿ ತಗ್ಗಿತ್ತು. "ನನ್ನ ಪಾಪ ನನಗಿರಲಿ. ಅವಳು ಹೇಳಿದ್ದನ್ನ ಬರೆದುಕೊಡು. ಈಗಲೇ ಠಾಣೆಗೆ ಹೋಗೋಣ. ನಿನ್ನ ಬಾಯಿಮಾತು ಒಂದನ್ನೇ ಅವರು ನಂಬ್ತಾರಾ, ಅದೊಂದು."

"ಚೀಟಿ ಇದೆ. ಅವಳೇ ಬರೆದುಕೊಟ್ಟದ್ದು. ಒಂದು ವಾರದ ಮೇಲೆ ಯಜಮಾನರಿಗೆ ಕೊಡು ಅಂತ. ನನ್ನ ಕೋಣೆ ಮೇಜಿನ ಡ್ರಾಯರಲ್ಲಿದೆ. ತರ್ತೀನಿ."

"ನಾನೂ ಬರ್ತೀನಿ."

ನೆನಪಮ್ಮ ಮೊದಲ ಸಲ ಅವಳನ್ನು ನೆಟ್ಟಗೆ ನೋಡಿದಳು. ಪೆನ್ನಿನ ಮುಚ್ಚಳ ಹಾಕಿ, ರಿಜಿಸ್ಟರು ಮುಚ್ಚಿ, ಎರಡೂ ಕೈಯಿಂದ ಹೆಬ್ಬೆಟ್ಟಕ್ಕನ ಮುಂದೆ ಸರಿಸಿದಳು.

"ಇದು ನಿಮ್ಮ ಹತ್ರ ಇರಲಿ. ಇದನ್ನ ಬಿಟ್ಟು ನಾನು ಎಲ್ಲಿಗೆ ಹೋಗ್ಲಿ? ಟೀ ಬರೋ ಹೊತ್ತು. ಕುಡೀತಾ ಇರಿ."

ಅದು ನಿಜವೇ ಅನ್ನಿಸಿತು. ಕೂಸನ್ನು ಬಿಟ್ಟು ಹೋಗುವ ತಾಯಿ ಇದ್ದಾಳು, ಇವಳು ಈ ರಿಜಿಸ್ಟರು ಬಿಟ್ಟು ಹೋಗುವವಳಲ್ಲ.

ನೆನಪಮ್ಮ ಎದ್ದಳು. ಮೇಜಿನ ಪಕ್ಕದಲ್ಲಿ ನಡೆಯುತ್ತ ಒಂದೊಂದೇ ಕುರ್ಚಿಯ ಬೆನ್ನು ಮುಟ್ಟಿದಳು. ಕೊನೆಯ ಕುರ್ಚಿ ಒಂದು ಬೆರಳಷ್ಟು ಓರೆಯಿತ್ತು. ನಿಂತು ಅದನ್ನು ಸರಿ ಮಾಡಿದಳು. ಆಮೇಲೆ ನೀರಿಲ್ಲದ ಅಡುಗೆಮನೆ ದಾಟಿ ಹಿಂದಿನ ಬಾಗಿಲಿಂದ ಹೊರಗೆ ಹೋದಳು.

ಹೆಬ್ಬೆಟ್ಟಕ್ಕ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡಳು. ನಾಳೆ ಹನ್ನೊಂದಕ್ಕೆ ಅಲ್ಲ, ಇವತ್ತು ಸಂಜೆಯೇ ಬಿಡುತ್ತಾರೆ. ಬಿಟ್ಟ ಮೇಲೆ ಅವನಿಗೆ ಏನು ಹೇಳುವುದು? ಠಾಣೆಯ ಎದುರು ಹೋಟೆಲಿದೆ. ಕೂರಿಸಿ, ಒಂದು ಟೀ, ಸಕ್ಕರೆ ಇಲ್ಲದ್ದು ಅಂತ ತಾನೇ ಹೇಳಬೇಕು. ಅವನು ಕೇಳದೆಯೇ ಹೇಳಬೇಕು. ಬೇರೇನೂ ಹೇಳುವುದು ಬೇಡ. ಅವನಿಗೆ ಅರ್ಥವಾಗುತ್ತದೆ.

ಕ್ಯಾಂಟೀನಿನ ಹೆಂಗಸು ಬಂದು ಮೂರು ಲೋಟ ಟೀ ಇಟ್ಟು ಹೋದಳು. ಇಪ್ಪತ್ತು ವರ್ಷದಲ್ಲಿ ಈ ಮೇಜಿನ ಮೇಲೆ ಹಬೆಯಾಡಿದ ವಸ್ತು ಅದೊಂದೇ ಇರಬೇಕು. ಹೆಬ್ಬೆಟ್ಟಕ್ಕ ತನ್ನದನ್ನು ಕುಡಿದಳು. ಫೋನು ನೋಡಿಕೊಂಡಳು. ಹತ್ತು ನಿಮಿಷವಾಗಿತ್ತು.

"ಅಜ್ಜಾ, ನಿಮ್ಮ ಟೀ ಬಂದಿದೆ. ಆಮೇಲೆ ನನ್ನ ಬೈಯಬೇಡಿ."

"ಬಂದೆ, ಬಂದೆ." ಮೇಲಿನಿಂದ ದನಿ ಬಂತು. "ಒಂದು ತಮಾಷೆ ನೋಡಿ ಮೇಡಮ್ಮ. ಆವತ್ತು ಅತ್ತಿಗೆನೂ ಹೀಗೇ ಹೋದರು."

"ಹೀಗೇ ಅಂದರೆ?"

"ಈಗ ನೆನಪಮ್ಮ ಹೋದಳಲ್ಲ, ಹಾಗೇ. ಕುರ್ಚಿ ಕುರ್ಚಿ ಮುಟ್ಟಿಕೊಂಡು. ಕೊನೇ ಕುರ್ಚಿ ಹತ್ರ ನಿಂತು ಅದನ್ನ ನೆಟ್ಟಗೆ ಮಾಡಿ ಹೋದರು. ಇಪ್ಪತ್ತು ವರ್ಷದ ಮೇಲೆ ಬಂದರೂ ಮನೆ ಮೇಲೆ ಎಷ್ಟು ಅಕ್ಕರೆ ಅಂದ್ಕೊಂಡೆ."

ಹೆಬ್ಬೆಟ್ಟಕ್ಕ ಎದ್ದು ಏಣಿಯ ಬುಡಕ್ಕೆ ಬಂದಳು.

"ಮುಖ ನೋಡಿದ್ರಾ ಅಜ್ಜ?"

"ಮೇಲಿಂದ ಮುಖ ಎಲ್ಲಿ ಕಾಣುತ್ತೆ? ನೀಲಿ ಶಾಲು ತಲೆ ಮೇಲಿತ್ತು. ಬೆನ್ನು ನೋಡಿದೆ."

"ಬೆನ್ನು ನೋಡಿ ಅತ್ತಿಗೆ ಅಂದ್ರಾ?"

"ಅತ್ತಿಗೆ ಬಂದಿದ್ದಾರೆ ಅಂತ ಎಲ್ಲಾ ಹೇಳ್ತಿದ್ದರಲ್ಲ, ಮತ್ತೆ ಶಾಲು ಹೊದ್ದಿದ್ದು ಇನ್ಯಾರು ಅಂದ್ಕೊಳ್ಳಲಿ?" ಮುದುಕ ನಕ್ಕ. ಏಣಿ ಕಿರುಗುಟ್ಟಿತು. "ಬೇರೆ ವರ್ಷ ಆಗಿದ್ದರೆ ನೆನಪಮ್ಮ ಅಂತಿದ್ದೆ. ಪ್ರತಿ ವರ್ಷ ಕಿಟಕಿ ಹತ್ರ ಒಂದು ಬೆನ್ನು ತೋರಿಸ್ತಾರಲ್ಲ, ನೀಲಿ ಶಾಲಿನದು? ಅದು ಅವಳದ್ದೇ. ಹದಿನೆಂಟು ವರ್ಷವೂ ನಾನೇ ಲೈಟು ಬಿಟ್ಟಿದ್ದೀನಿ."

ಕಿಟಕಿಯ ಆ ಬೆನ್ನಿಗೆ ಪ್ರತಿ ವರ್ಷ ಹಳೇ ಚಿತ್ರವನ್ನೇ ತಿರುಗಿಸಿ ಹಾಕುತ್ತೇವೆ ಎಂದಿದ್ದರು ಯಜಮಾನರು. ಅವರಿಗೂ ಮರೆತಿತ್ತೋ, ಆ ಬೆನ್ನು ಯಾರದೆಂದು ಯಾವತ್ತೂ ಗಮನಿಸಿರಲೇ ಇಲ್ಲವೋ.

ಹಾಗಾದರೆ ಆರೂ ನಲವತ್ತಕ್ಕೆ ಹೋದವಳು ಅತ್ತಿಗೆಯಲ್ಲ. ಹಾಗಾದರೆ ನಾಲ್ಕರ ನಂತರ ಅತ್ತಿಗೆಯನ್ನು ಜೀವಂತವಾಗಿ ಕಂಡವರು ಒಬ್ಬರೂ ಇಲ್ಲ. ಗಂಟೆಯ ಮೇಲೆ ಕಟ್ಟಿದ ಸಾಕ್ಷ್ಯ ಪೂರಾ ಕುಸಿದು ತಮ್ಮನ ತಲೆಯ ಮೇಲೇ ಬಿತ್ತು.

ಹೆಬ್ಬೆಟ್ಟಕ್ಕ ಓಡಿದಳು. ಅಡುಗೆಮನೆ ದಾಟಿ, ಹಿಂದಿನ ಬಾಗಿಲು ದಾಟಿ, ಉದ್ದನೆಯ ಓಣಿಯ ಕೊನೆಗೆ. ನೆನಪಮ್ಮನ ಕೋಣೆಯ ಬಾಗಿಲು ತೆರೆದೇ ಇತ್ತು. ಕಪಾಟಿನಲ್ಲಿ ಕಾಗದದ ಕಟ್ಟುಗಳು ವರ್ಷದ ಚೀಟಿ ಅಂಟಿಸಿಕೊಂಡು ಸಾಲಾಗಿ ನಿಂತಿದ್ದವು. ಡ್ರಾಯರು ಎಳೆದಳು. ಗೋಡೆ ಗಡಿಯಾರದ ಸೆಲ್ಲು ಒಂದು ಉರುಳಿಕೊಂಡು ಮುಂದೆ ಬಂತು. ಬೇರೇನೂ ಇರಲಿಲ್ಲ.

ಗೇಟಿಗೆ ಓಡಿ ಬಂದವಳನ್ನು ಕಂಡು ಕಾವಲುಗಾರ ಎದ್ದು ನಿಂತ.

"ನೆನಪಮ್ಮ ಈ ಕಡೆ ಬಂದಳಾ?"

"ಇಲ್ಲಮ್ಮ. ಈಗ ಹೋದದ್ದು ಒಬ್ಬರೇ. ನೀಲಿ ಶಾಲು ಹೊದ್ದ ಹೆಂಗಸು. ಅತಿಥಿಗಳಿರಬೇಕು ಅಂತ ಬಿಟ್ಟೆ. ನಮಸ್ಕಾರ ಅಂತ ಅಂದರು. ಆ ದನಿ ಎಲ್ಲೋ ಕೇಳಿದ್ದೀನಿ ಅನ್ನಿಸ್ತು."

ಬೀದಿಯ ಎರಡೂ ಕಡೆ ನೋಡಿದಳು. ಮೂಲೆಯಲ್ಲಿ ಬಸ್ಸೊಂದು ಹೊಗೆ ಬಿಟ್ಟು ತಿರುಗಿ ಹೋಯಿತು. ಬಿಸಿಲು ಇನ್ನೂ ಇತ್ತು.

ಹೆಬ್ಬೆಟ್ಟಕ್ಕ ಮರಳಿ ಬಂದು ಅದೇ ಕುರ್ಚಿಯಲ್ಲಿ ಕುಳಿತಳು. ರಿಜಿಸ್ಟರು ಬಿಟ್ಟಲ್ಲೇ ಇತ್ತು. ಇಪ್ಪತ್ತು ವರ್ಷದ ಕೂಸು. ಕೊನೆಯ ಪುಟ ತೆರೆದಳು. ಜಗಳದ ನಡುವೆ ಬರೆದ ಗುಂಡಗಿನ ಅಕ್ಷರ.

'ಊಟದ ಮನೆ. ಹಗಲು. ಕುರ್ಚಿ ಎಂಟು. ಎಡಗಡೆ ಮೂರನೆಯದರಲ್ಲಿ ಹೆಂಗಸು, ಐವತ್ತರ ಮೇಲೆ. ಕನ್ನಡಕದ ಬಲಗಾಲಿಗೆ ಕಪ್ಪು ದಾರ ಸುತ್ತಿದೆ. ಎಡ ತೋಳಿನ ಹೊಲಿಗೆ ಬಿಟ್ಟಿದೆ, ಹೇಳುವವರು ಯಾರೂ ಇಲ್ಲ. ಸಿಟ್ಟು. ಕಣ್ಣು ಒದ್ದೆ ಇಲ್ಲ, ಆಮೇಲೆ ಆಗಬಹುದು.'

ಅವಳು ಎಡ ತೋಳನ್ನು ಮುಟ್ಟಿ ನೋಡಿಕೊಂಡಳು. ಬಿಟ್ಟಿತ್ತು.

ಅದರ ಕೆಳಗೆ, ಉಡುಪು ಎಂದು ಗೆರೆ ಎಳೆದ ಜಾಗದಲ್ಲಿ ಒಂದೇ ಸಾಲು.

'ನೀಲಿ ಶಾಲು: ಎರಡು. ಒಂದು ಅತ್ತಿಗೆ ಆವತ್ತು ಹೊದ್ದಿದ್ದು, ಒಂದು ನನ್ನದು. ಈಗ ಎರಡೂ ನನ್ನ ಹತ್ತಿರ.'

ಲೈಟಜ್ಜ ತನ್ನ ಟೀ ಮುಗಿಸಿ ಲೋಟ ಕವುಚಿದ. ಮೂರನೆಯ ಲೋಟದ ಮೇಲೆ ಕೆನೆ ಕಟ್ಟಿತ್ತು. "ಇದು ಯಾರದ್ದು? ಬರ್ತಾಳಾ ಅವಳು, ಇಲ್ಲಾ ನಾನೇ ಕುಡಿದುಬಿಡಲಾ?" ಅಂದ.

ಹೆಬ್ಬೆಟ್ಟಕ್ಕ ಆ ಸಾಲನ್ನು ಮತ್ತೊಮ್ಮೆ ಓದಿದಳು. ಅತ್ತಿಗೆ ತಾನಾಗಿ ಹೋಗಿದ್ದರೆ ಅವಳ ಶಾಲೂ ಅವಳ ಜೊತೆ ಹೋಗಿರಬೇಕಿತ್ತು. ಅಡುಗೆಮನೆಯ ಆಚೆ ಹಿಂದಿನ ಬಾಗಿಲು ಗಾಳಿಗೆ ಒಂದು ಸಲ ತೆರೆಯಿತು. ಅವಳು ತಿರುಗಿ ನೋಡಿದಳು. ಹೊಸ್ತಿಲಲ್ಲಿ ಯಾರೂ ಇರಲಿಲ್ಲ.